ಓದುಗರ ಪ್ರಶ್ನೆ: ಮನೆಯಲ್ಲೇ ಕುಳಿತು ಫ್ರೆಂಚ್ ಕಲಿಯುವುದು ಹೇಗೆ?

ಪ್ರಶ್ನೆ: ಮುಂದಿನ ವರ್ಷ ಸ್ನಾತಕೋತ್ತರ ಅಧ್ಯಯನಕ್ಕಾಗಿ ಫ್ರಾನ್ಸಿಗೆ ಹೋಗುವ ಸಿದ್ಧತೆಯಲ್ಲಿದ್ದೇನೆ. ಪಾಠಗಳು ಇಂಗ್ಲಿಷಿನಲ್ಲೇ ನಡೆಯುತ್ತವೆಯಾದರೂ ದಿನನಿತ್ಯದ ವ್ಯವಹಾರಕ್ಕೆ ಫ್ರೆಂಚ್ ಬೇಕೇ ಬೇಕು ಎನ್ನುತ್ತಾರೆ. ನಮ್ಮೂರಿನಲ್ಲಿ ಹೇಳಿಕೊಡುವವರಿಲ್ಲ. ಕೆಲವು ತಿಂಗಳಿಂದ ಮೊಬೈಲ್ ಆ್ಯಪ್ ಒಂದರಲ್ಲಿ ಕಲಿಯುತ್ತಿದ್ದೇನೆ. ಸರಳ ವಾಕ್ಯಗಳನ್ನು ಓದಿದರೆ ಅರ್ಥವಾಗುತ್ತದೆ; ಅದೇ ವಾಕ್ಯವನ್ನು ಯಾರಾದರೂ ಆಡಿದರೆ ಒಂದು ಪದವೂ ತಿಳಿಯುವುದಿಲ್ಲ. ಇದಕ್ಕೆ ಪರಿಹಾರವೇನು?
– ಓದುಗರು, ಶಿರಸಿ

ಉತ್ತರ: ಫ್ರೆಂಚನ್ನು ಪರದೆಯ ಮೇಲೆ ಓದುತ್ತಾ ಕಲಿಯಲು ಹೊರಟವರಿಗೆಲ್ಲ ಎದುರಾಗುವ ತೊಡಕು ಇದು. ಬರೆದಂತೆಯೇ ಓದುವುದು ಕನ್ನಡಿಗರಿಗೆ ಒಂದನೇ ತರಗತಿಯಿಂದ ಬಂದ ಅಭ್ಯಾಸ. ಫ್ರೆಂಚಿನಲ್ಲಾದರೋ ಬರೆದ ಅಕ್ಷರಗಳಲ್ಲಿ ಅನೇಕವು ಬಾಯಿಗೆ ಬರುವುದೇ ಇಲ್ಲ, ಬರುವಂಥವು ಪಕ್ಕದ ಪದಕ್ಕೆ ಅಂಟಿಕೊಂಡು ಬರುತ್ತವೆ. ‘ಅವನು ಮಾತನಾಡುತ್ತಾನೆ’ ಎಂಬುದಕ್ಕೆ ‘ಇಲ್ ಪಾರ್ಲ್’ ಎನ್ನುತ್ತಾರೆ. ‘ಅವರು ಮಾತನಾಡುತ್ತಾರೆ’ ಎಂದು ಬರೆಯುವಾಗ ಸರ್ವನಾಮಕ್ಕೆ ಎಸ್ ಅಕ್ಷರವೂ ಕ್ರಿಯಾಪದದ ಕೊನೆಗೆ ಎನ್, ಟಿ ಅಕ್ಷರಗಳೂ ಸೇರುತ್ತವೆ, ಆದರೆ ಕಿವಿಗೆ ಬೀಳುವುದು ಅದೇ ‘ಇಲ್ ಪಾರ್ಲ್’. ಇಂಥ ಕ್ರಿಯಾಪದ ಸ್ವರದಿಂದ ಆರಂಭವಾದರೆ ಮಾತ್ರ ವ್ಯತ್ಯಾಸ ಹೊರಬೀಳುತ್ತದೆ: ‘ಅವನು ಬರುತ್ತಾನೆ’ ಎಂಬುದು ‘ಇಲಾರೀವ್’ ಎಂದೂ ‘ಅವರು ಬರುತ್ತಾರೆ’ ಎಂಬುದು ‘ಇಲ್‌ಝಾರೀವ್’ ಎಂದೂ ಕೇಳಿಸುತ್ತದೆ. ಏಕವಚನವೋ ಬಹುವಚನವೋ ಎಂಬುದನ್ನು ಆ ಒಂದು ಝಕಾರದಿಂದಲೇ ತಿಳಿದುಕೊಳ್ಳಬೇಕು. ಇಂಥದ್ದನ್ನು ಆ್ಯಪ್‌ನ ಬಿಡಿಬಿಡಿ ವಾಕ್ಯಗಳು ಕಲಿಸುವುದು ಕಷ್ಟ.

ಆದ್ದರಿಂದ ನಿಮ್ಮ ಅಭ್ಯಾಸದ ಬಹುಪಾಲು ಸಮಯವನ್ನು ಉಕ್ತಲೇಖನಕ್ಕೆ ಮೀಸಲಿಡಿ ಎಂಬುದು ನನ್ನ ಸಲಹೆ. ಟಿವಿ5ಮೋಂದ್ ವಾಹಿನಿಯ ಕಲಿಕಾ ಜಾಲತಾಣದಲ್ಲಿ ಯುರೋಪಿನ ಭಾಷಾ ಮಟ್ಟದ ಅಳತೆಯಂತೆ ಆರಂಭದ ಎ1 ಹಂತದಿಂದ ಬಿ2 ಹಂತದವರೆಗೆ ಚಿಕ್ಕ ವಿಡಿಯೊಗಳೂ ಅವುಗಳ ಮೇಲಿನ ಅಭ್ಯಾಸಗಳೂ ಉಚಿತವಾಗಿ ದೊರೆಯುತ್ತವೆ. ಒಂದು ನಿಮಿಷಕ್ಕಿಂತ ಹೆಚ್ಚಿಲ್ಲದ ತುಣುಕನ್ನು ಆರಿಸಿ, ಪಠ್ಯವನ್ನು ನೋಡದೆ ಎರಡು ಮೂರು ಸಲ ಕೇಳಿ. ಆಮೇಲೆ ವಾಕ್ಯವಾಕ್ಯಕ್ಕೂ ನಿಲ್ಲಿಸುತ್ತಾ ಕೇಳಿದ್ದನ್ನು ಬರೆಯಿರಿ. ತಪ್ಪಾದರೂ ಬರೆಯಿರಿ. ಮುದ್ರಿತ ಪಠ್ಯದೊಂದಿಗೆ ಹೋಲಿಸಿ, ಎಲ್ಲಿ ಅಕ್ಷರ ಮೌನವಾಯಿತು, ಎಲ್ಲಿ ಎರಡು ಪದ ಕೂಡಿಕೊಂಡವು ಎಂಬುದನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿ, ಅನಂತರ ಧ್ವನಿಯ ಜೊತೆಜೊತೆಗೇ ಗಟ್ಟಿಯಾಗಿ ಓದಿ. ಮರುದಿನ ಹೊಸ ತುಣುಕಿಗೆ ಹೋಗುವ ಮೊದಲು ಹಳೆಯದನ್ನು ಮತ್ತೊಮ್ಮೆ ಕೇಳಿ. ರೇಡಿಯೊ ಫ್ರಾನ್ಸ್ ಆ್ಯಂತರ್ನಾಸ್ಯೊನಾಲ್ ಹತ್ತು ನಿಮಿಷಗಳ ‘ಸುಲಭ ಫ್ರೆಂಚ್ ವಾರ್ತೆ’ಯನ್ನು ಪೂರ್ಣ ಪಠ್ಯದೊಡನೆ ನೀಡುತ್ತದೆ, ಹೆಸರಿನಲ್ಲಿ ಸುಲಭವೆಂದಿದ್ದರೂ ಅದು ಹೊಸಬರಿಗಲ್ಲ, ಎ2 ಹಂತ ಮುಗಿದ ಮೇಲೆ ಅದರತ್ತ ಹೋಗಬಹುದು.

ಉಚ್ಚಾರಣೆಯಲ್ಲಿ ನಮಗೆ ಕೆಲವು ಅನುಕೂಲಗಳಿವೆ. ಫ್ರೆಂಚಿನ ಟಿ ಮತ್ತು ಡಿ ಅಕ್ಷರಗಳು ಇಂಗ್ಲಿಷಿನಂತಲ್ಲದೆ ನಮ್ಮ ತ, ದಗಳ ಹಾಗೆ ಹಲ್ಲಿಗೆ ನಾಲಗೆ ತಾಗಿಸಿ ನುಡಿಯುವಂಥವು. ‘ತು’ ಮತ್ತು ‘ವೂ’ಗಳ ಬಳಕೆಯೂ ನೀನು, ನೀವುಗಳ ಮರ್ಯಾದೆ ಬಲ್ಲವರಿಗೆ ಬೇಗ ಹಿಡಿಸುತ್ತದೆ. ಕಷ್ಟವಿರುವುದು ಸ್ವರಗಳಲ್ಲಿ. ತುಟಿಗಳನ್ನು ‘ಊ’ ಎನ್ನುವಂತೆ ಮುಂದಕ್ಕೆ ಚಾಚಿ, ಅವುಗಳನ್ನು ಕದಲಿಸದೆ ‘ಈ’ ಎನ್ನಲು ಯತ್ನಿಸಿದರೆ ಫ್ರೆಂಚಿನ ಯು ಸ್ವರ ಬರುತ್ತದೆ. ಅದು ಬಾರದಿದ್ದರೆ ಬೀದಿ ಎಂಬ ಅರ್ಥದ ಪದ ಚಕ್ರ ಎಂಬ ಅರ್ಥದ ಪದವಾಗಿಬಿಡುತ್ತದೆ. ಅನುನಾಸಿಕ ಸ್ವರಗಳಲ್ಲಿ ದ್ರಾಕ್ಷಾರಸಕ್ಕೆ ‘ವ್ಯಾಂ’, ಗಾಳಿಗೆ ‘ವಾಂ’, ಅವರು ‘ಹೋಗುತ್ತಾರೆ’ ಎಂಬುದಕ್ಕೆ ‘ವೋಂ’ ಇವು ಮೂರನ್ನೂ ಒಂದರ ಹಿಂದೊಂದು ಕೇಳಿ ಪ್ರತ್ಯೇಕಿಸಲು ಬಂದರೆ ದೊಡ್ಡ ಕೆಲಸ ಮುಗಿದಂತೆ. ಗಂಟಲಿನ ರಕಾರದ ಬಗ್ಗೆ ಚಿಂತಿಸಬೇಡಿ, ನಮ್ಮ ರಕಾರದಲ್ಲಿ ಹೇಳಿದರೂ ಅವರಿಗೆ ಅರ್ಥವಾಗುತ್ತದೆ. ಅಂದ ಹಾಗೆ, ಅಂಕಣದಲ್ಲಿ ಬೇರೆ ದಾರಿಯಿಲ್ಲದೆ ನಾನು ಫ್ರೆಂಚನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಖಂಡಿತ ಹಾಗೆ ಬರೆದುಕೊಳ್ಳಬೇಡಿ.

ವ್ಯಾಕರಣಕ್ಕೆ ಉತ್ತರಗಳಿರುವ ಒಂದೇ ಪುಸ್ತಕ ಸಾಕು. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ, ಫ್ರೆಂಚಿನಲ್ಲಿ ಮೇಜು ಸ್ತ್ರೀಲಿಂಗವಾದರೆ ಪುಸ್ತಕ ಪುಲ್ಲಿಂಗ. ಆದ್ದರಿಂದ ನಾಮಪದವನ್ನು ಅದರ ಮೊದಲು ಬರುವ, ಪುಲ್ಲಿಂಗದ ‘ಲ’ ಅಥವಾ ಸ್ತ್ರೀಲಿಂಗದ ‘ಲಾ’ ಇಲ್ಲದೆ ಎಂದೂ ಬಾಯಿಪಾಠ ಮಾಡಬೇಡಿ. ಆ್ಯಪ್ ಅನ್ನು ಬಿಡಬೇಕಿಲ್ಲ, ಕಲಿತ ಪದಗಳು ಮರೆಯದಂತೆ ನೋಡಿಕೊಳ್ಳಲು ದಿನಕ್ಕೆ ಹತ್ತು ಹದಿನೈದು ನಿಮಿಷ ಅದಕ್ಕೆ ಕೊಡಿ.

ಗುರಿಯಿಲ್ಲದ ಸ್ವಾಧ್ಯಯನ ಸಡಿಲವಾಗುತ್ತದೆ, ಹಾಗಾಗಿ ಫ್ರೆಂಚ್ ಭಾಷಾಜ್ಞಾನಕ್ಕೆ ಅಧಿಕೃತ ಪ್ರಮಾಣಪತ್ರ ನೀಡುವ ಡೆಲ್ಫ್‌ನ ಎ2 ಹಂತದ ಪರೀಕ್ಷೆಯನ್ನು ಕಣ್ಣ ಮುಂದಿಟ್ಟುಕೊಳ್ಳಿ. ಆಲಿಸುವಿಕೆ, ಓದು, ಬರವಣಿಗೆ, ಮಾತು ಈ ನಾಲ್ಕಕ್ಕೂ ತಲಾ 25 ಅಂಕಗಳಿದ್ದು, ಒಟ್ಟು 50 ಅಂಕಗಳೂ ಪ್ರತಿಯೊಂದರಲ್ಲಿ ಕನಿಷ್ಠ 5 ಅಂಕಗಳೂ ಬಂದರೆ ಉತ್ತೀರ್ಣರಾಗುತ್ತೀರಿ. ಪ್ರಮಾಣಪತ್ರಕ್ಕೆ ಅವಧಿಯ ಮಿತಿಯಿಲ್ಲ. ಮಾದರಿ ಪ್ರಶ್ನೆಪತ್ರಿಕೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಪರೀಕ್ಷೆಯನ್ನು ಬೆಂಗಳೂರಿನ ವಸಂತನಗರದ ಫ್ರೆಂಚ್ ಕಲಿಕಾ ಕೇಂದ್ರವಾದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಬರೆಯಬಹುದು. ಮಾತಿನ ಭಾಗಕ್ಕೆ ಮಾತ್ರ ಒಂಟಿ ಅಭ್ಯಾಸ ಸಾಲದು. ಕೊನೆಯ ಎರಡು ಮೂರು ತಿಂಗಳು ವಾರಕ್ಕೊಮ್ಮೆಯಾದರೂ ಆನ್‌ಲೈನ್‌ನಲ್ಲಿ ಶಿಕ್ಷಕರೊಬ್ಬರೊಡನೆ ಅರ್ಧ ಗಂಟೆ ಮಾತನಾಡುವುದಕ್ಕೆ ಹಣ ಖರ್ಚು ಮಾಡಿ.

ಪ್ರಶ್ನೆ: ನಿವೃತ್ತನಾಗಿದ್ದೇನೆ. ಮಗಳು ಮಾಂಟ್ರಿಯಲ್‌ನಲ್ಲಿದ್ದಾಳೆ, ಮೊಮ್ಮಗ ಫ್ರೆಂಚ್ ಶಾಲೆಗೆ ಹೋಗುತ್ತಾನೆ. ಅವನೊಡನೆ ನಾಲ್ಕು ಮಾತನಾಡುವಷ್ಟು ಕಲಿಯಲು ಫ್ರಾನ್ಸಿನ ಪಾಠಗಳೇ ಸಾಕಾಗುತ್ತವೆಯೇ?
– ಓದುಗರು, ಮೈಸೂರು

ಉತ್ತರ: ಆರಂಭಕ್ಕೆ ಸಾಕು. ಮಾಂಟ್ರಿಯಲ್ ಇರುವ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1977ರ ಫ್ರೆಂಚ್ ಭಾಷಾ ಸನ್ನದು ಬಂದ ಮೇಲೆ ವಲಸಿಗರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಶಾಲೆಗೇ ಸೇರುತ್ತಾರೆ, ಅಲ್ಲಿ ಕಲಿಯುವ ಬರಹ ಫ್ರಾನ್ಸಿನದೇ. ವ್ಯತ್ಯಾಸ ಇರುವುದು ಮಾತಿನಲ್ಲಿ. ಕೆಲವು ಸ್ವರಗಳಿಗೆ ಮುಂಚೆ ಬರುವ ತ, ದಗಳು ‘ತ್ಸ’, ‘ದ್ಝ’ಗಳಾಗಿ ಕೇಳಿಸುತ್ತವೆ, ಪ್ಯಾರಿಸ್ಸಿನಲ್ಲಿ ರಾತ್ರಿಯೂಟವಾದ ‘ದಿನೇ’ ಅಲ್ಲಿ ಹಲವರಿಗೆ ಮಧ್ಯಾಹ್ನದ ಊಟ. ಮೇಲಿನ ಉತ್ತರದ ಉಕ್ತಲೇಖನವನ್ನು ನೀವೂ ಅನುಸರಿಸಬಹುದು, ಧ್ವನಿಗೆ ಮಾತ್ರ ನಿಮ್ಮ ಮೊಮ್ಮಗನನ್ನೇ ಆಶ್ರಯಿಸಿ. ಅವನ ಶಾಲಾ ಪುಸ್ತಕದ ಒಂದು ಪುಟದ ಫೋಟೊವನ್ನು ಮೊದಲೇ ತರಿಸಿಕೊಂಡು, ಭಾನುವಾರದ ವಿಡಿಯೊ ಕರೆಯಲ್ಲಿ ಅವನು ಅದನ್ನು ಓದಿ ಹೇಳಲಿ, ನೀವು ಅದನ್ನು ನೋಡದೆ ಬರೆದುಕೊಂಡು ತಿದ್ದಲು ಅವನಿಗೇ ಕಳುಹಿಸಿ.