ಮೂರು ಹಾಳೆಯಲ್ಲಿ ಮಡಿಕೇರಿ: ಅಕ್ಕನ ಪ್ರಶ್ನೆಗೆ ಉತ್ತರ

ಅಕ್ಕಾ, ರಾಜರ ಸಮಾಧಿಗಳಿರುವ ಗದ್ದಿಗೆ ಕಡೆಯಿಂದ ಮೂರು ಹಾಳೆಯಲ್ಲಿ ಇಡೀ ಮಡಿಕೇರಿಯ ಚಿತ್ರ ಬರೆಯಲು ಹೊರಟಿದ್ದೀರಿ, ತುಂಬಾ ಖುಷಿಯಾಯಿತು. ಹಾಳೆ ಜೋಡಿಸಿದರೆ ಬೆಟ್ಟದ ಗೆರೆ ಕೂಡುತ್ತಿಲ್ಲ, ಮುಗಿಸುವಷ್ಟರಲ್ಲಿ ಎದುರಿಗೆ ಹೊಸ ಕಟ್ಟಡ ಎದ್ದಿದೆ, ಅದನ್ನು ಸೇರಿಸಲಾ ಬಿಡಲಾ ಅಂತ ಕೇಳಿದ್ದೀರಿ.

ಮೊದಲು ಗೆರೆ. ಕತ್ತು ಮಾತ್ರ ತಿರುಗಿಸಿದರೆ ಸಾಲದು. ಕೂತ ಜಾಗ ಬದಲಿಸದೆ, ಪ್ರತಿ ಹಾಳೆಗೂ ಬೋರ್ಡ್ ಸಮೇತ ಪೂರ್ತಿ ತಿರುಗಿ ಕೂರಿ. ಮೂರೂ ಹಾಳೆಯಲ್ಲಿ ಕಣ್ಣಿನ ಮಟ್ಟದ ಗೆರೆಯನ್ನು ಕೆಳಗಿನಿಂದ ಒಂದೇ ಅಳತೆಗೆ ಮೊದಲೇ ಎಳೆದುಕೊಳ್ಳಿ. ಒಂದು ಹಾಳೆಯ ಬಲ ಅಂಚಿನ ಎರಡು ಬೆರಳಿನಷ್ಟನ್ನು ಮುಂದಿನ ಹಾಳೆಯ ಎಡಗಡೆ ಮತ್ತೆ ಬರೆಯಿರಿ. ಅಲ್ಲೊಂದು ಸಿಲ್ವರ್ ಓಕ್ ಮರವೋ ಟವರ್ರೋ ಗುರುತಿಗೆ ಇರಲಿ. ಅಡ್ಡಕ್ಕೆ ಹೋಗುವ ರಸ್ತೆ, ಉದ್ದನೆಯ ಗೋಡೆ ಹಾಳೆ ಕೂಡುವಲ್ಲಿ ಮುರಿದ ಹಾಗೆ ಕಾಣುತ್ತವೆ. ಸ್ಕೇಲ್ ಇಡಬೇಡಿ, ಮೆಲ್ಲಗೆ ಬಾಗಿಸಿ. ಕಾಲ್ಟನ್ ಗುಡ್ಡದ ಮೇಲಿಂದ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರವನ್ನು ಸುತ್ತಲೂ ಬರೆದು, 1787ರಲ್ಲಿ ಆ ವಿಧಾನಕ್ಕೆ ಪೇಟೆಂಟ್ ಪಡೆದ ಚಿತ್ರಕಾರ ರಾಬರ್ಟ್ ಬಾರ್ಕರ್ ಕೂಡ ಗೆರೆಗಳನ್ನು ಬೇಕೆಂದೇ ಬಾಗಿಸಿದ್ದ.

ಬೆಳಕು ಬದಲಾಗುತ್ತದೆ. ಮೂರು ದಿನ, ಒಂದೇ ಹೊತ್ತಿಗೆ ಕೂರಿ. ಮಳೆಗಾಲದಲ್ಲಿ ಹಾಳೆಗೆ ಬೂಷ್ಟು ಹಿಡಿಯುತ್ತದೆ, ಬಲ್ಬ್ ಉರಿಸಿಟ್ಟ ಬೀರುವಿನಲ್ಲಿಡಿ.

ಇನ್ನು ಹೊಸ ಕಟ್ಟಡ. ದಯವಿಟ್ಟು ಸೇರಿಸಿ. ನಾನು 2016ರಲ್ಲಿ ಬರೆದಾಗ ಹೆಂಚಿನ ಮನೆಗಳನ್ನಷ್ಟೇ ಇಟ್ಟುಕೊಂಡೆ. ಪಾಚಿ ಕಟ್ಟಿದ ಹೆಂಚಿನ ಕಪ್ಪು ಹಸಿರು, ಹೊಸದಾಗಿ ಹೊದಿಸಿದ ಕಡೆ ಕೆಂಪು, ಒಂದೊಂದನ್ನೂ ಆಸೆಯಿಂದ ಬರೆದೆ. ನಡುವೆ ಇದ್ದ ನೀಲಿ ಶೀಟಿನ ಮನೆಗಳು ಚೆಂದ ಕೆಡಿಸುತ್ತವೆ ಅಂತ ಅಲ್ಲೆಲ್ಲ ಮರ ಬರೆದುಬಿಟ್ಟೆ. 2018ರ ಆಗಸ್ಟ್‌ನಲ್ಲಿ ಗುಡ್ಡದ ಬರೆ ಕುಸಿದು ಆ ಇಳಿಜಾರಿನ ಕೆಲವು ಮನೆಗಳು ಹೋದವು. ಅಲ್ಲಿದ್ದ ಒಬ್ಬರು ಅಮ್ಮ ಚಿತ್ರ ಇದೆ ಅಂತ ಕೇಳಿ ನಮ್ಮ ಮನೆಗೆ ಬಂದರು. ಹಾಳೆಯ ಮೇಲೆ ಬೆರಳಾಡಿಸುತ್ತಾ ಅವರ ಮನೆ ಹುಡುಕಿದರು. ನಾನು ಮರ ಬರೆದ ಜಾಗಕ್ಕೆ ಬಂದು ಬೆರಳು ನಿಂತಿತು. ನನಗೆ ಮಾತೇ ಹೊರಡಲಿಲ್ಲ.

ಹಾಗಾಗಿ ಕಂಡದ್ದೆಲ್ಲ ಇರಲಿ ಅಕ್ಕಾ: ಶೀಟು, ನೀರಿನ ಟ್ಯಾಂಕು, ಅರ್ಧ ಎದ್ದ ಪಿಲ್ಲರ್, ಹಗ್ಗದ ಮೇಲಿನ ಬಟ್ಟೆ. ಆದರೆ ಮುಗಿಸಿದ ಹಾಳೆಯನ್ನು ಮತ್ತೆ ತಿದ್ದಬೇಡಿ. ಪ್ರತಿ ಹಾಳೆಯ ಹಿಂದೆ ತಾರೀಕು ಹಾಕಿ. ಆ ಕಟ್ಟಡ ಮೂರನೇ ಹಾಳೆಯಲ್ಲಿ ಮಾತ್ರ ಇದ್ದರೆ ಇರಲಿ, ಅದು ಎದ್ದದ್ದು ಆಗಲೇ ಅಲ್ವಾ. ಮುಂದಿನ ವರ್ಷ ಅದೇ ಜಾಗದಲ್ಲಿ ಕೂತು ಹೊಸ ಮೂರು ಹಾಳೆ ತೆಗೆಯಿರಿ. ಕೂತ ಜಾಗದ ಒಂದು ಫೋಟೋ ಈಗಲೇ ತೆಗೆದಿಟ್ಟುಕೊಳ್ಳಿ, ಆಮೇಲೆ ಹುಡುಕುವುದು ಕಷ್ಟ.