ಪ್ರತಿಕ್ರಿಯೆ: ಜಿಮ್ಯಾಟ್ ಕ್ವಾಂಟ್‌ನಲ್ಲಿ ಸಮಯ ಸಾಲುತ್ತಿಲ್ಲವೇ?

ಎಂಬಿಎ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ಗೆ ಮೂರು ತಿಂಗಳಿದೆ, ಕೋಚಿಂಗ್ ಇಲ್ಲ, ಮಾಕ್ ಟೆಸ್ಟ್‌ನಲ್ಲಿ ಕ್ವಾಂಟ್‌ನ (ಗಣಿತ ವಿಭಾಗದ) ಕೊನೆಯ ನಾಲ್ಕೈದು ಪ್ರಶ್ನೆ ಉಳಿದೇ ಹೋಗುತ್ತವೆ ಎಂದಿದ್ದೀರಿ. ಬರೀ ಇನ್ನಷ್ಟು ಲೆಕ್ಕ ಬಿಡಿಸುತ್ತಾ ಹೋದರೆ ಇದು ಸರಿಹೋಗುವುದಿಲ್ಲ.

45 ನಿಮಿಷಕ್ಕೆ 21 ಪ್ರಶ್ನೆ, ಅಂದರೆ ಒಂದಕ್ಕೆ ಎರಡು ನಿಮಿಷದ ಮೇಲೆ ಸ್ವಲ್ಪ. ಪ್ರತಿ ಪ್ರಶ್ನೆಗೂ ಗಡಿಯಾರ ನೋಡಬೇಡಿ, ಗಮನ ಚದುರುತ್ತದೆ. 7ನೆಯದು ಮುಗಿದಾಗ 30 ನಿಮಿಷ, 14ನೆಯದು ಮುಗಿದಾಗ 15 ನಿಮಿಷ ಕೈಯಲ್ಲಿದ್ದರೆ ಸರಿ. ಎರಡು ನಿಮಿಷವಾದರೂ ದಾರಿ ಕಾಣದಿದ್ದರೆ ಅಂದಾಜಿನಲ್ಲಿ ಒಂದು ಉತ್ತರ ಒತ್ತಿ, ಬುಕ್‌ಮಾರ್ಕ್ ಮಾಡಿ ಮುಂದೆ ಹೋಗಿ. ಕೊನೆಯಲ್ಲಿ ಸಮಯ ಮಿಕ್ಕರೆ ಮೂರು ಉತ್ತರಗಳವರೆಗೆ ಬದಲಿಸಬಹುದು. ಸೆಕ್ಷನ್ ಪೂರ್ತಿ ಮಾಡದಿದ್ದರೆ ಸ್ಕೋರ್‌ಗೆ ಪೆಟ್ಟು ಬೀಳುತ್ತದೆ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ.

ದಯವಿಟ್ಟು ತಪ್ಪುಗಳಿಗೆಂದೇ ಒಂದು ನೋಟ್‌ಬುಕ್ ಇಡಿ. ಅದರಲ್ಲಿ "ಅಜಾಗರೂಕತೆ" ಎಂದಷ್ಟೇ ಬರೆದರೆ ಏನೂ ತಿಳಿಯುವುದಿಲ್ಲ. "ವರ್ಗ 16 ಎಂದಾಗ 4 ಮಾತ್ರ ಹಿಡಿದೆ, −4 ಬಿಟ್ಟೆ" ಎಂದು ಬರೆಯಿರಿ. ವಾರ ಕಳೆದ ಮೇಲೆ ಅದೇ ಲೆಕ್ಕವನ್ನು ಖಾಲಿ ಹಾಳೆಯಲ್ಲಿ ಮತ್ತೆ ಬಿಡಿಸಿ. ವಿವರಣೆ ಓದಿದಾಗ ಎಲ್ಲವೂ ಅರ್ಥವಾದಂತೆಯೇ ಅನಿಸುತ್ತದೆ, ಕೈಗೆ ಬಂದಿದೆಯೋ ಇಲ್ಲವೋ ಗೊತ್ತಾಗುವುದು ಹೀಗೆ ಮತ್ತೆ ಬಿಡಿಸಿದಾಗಲೇ.

ಹಳೆಯ ಪುಸ್ತಕವಿದ್ದರೆ ಅದರ ರೇಖಾಗಣಿತ, ಸೆಂಟೆನ್ಸ್ ಕರೆಕ್ಷನ್ (ವಾಕ್ಯದ ತಪ್ಪು ತಿದ್ದುವ ಪ್ರಶ್ನೆಗಳು) ಬಿಟ್ಟುಬಿಡಿ, ಈಗಿನ ಪರೀಕ್ಷೆಯಲ್ಲಿ ಅವಿಲ್ಲ. ಕೊಟ್ಟ ಮಾಹಿತಿ ಉತ್ತರಕ್ಕೆ ಸಾಕೇ ಎಂದು ಕೇಳುವ ಡೇಟಾ ಸಫಿಶಿಯನ್ಸಿ ಈಗ ಡೇಟಾ ಇನ್‌ಸೈಟ್ಸ್ ಎಂಬ ಬೇರೆ ವಿಭಾಗಕ್ಕೆ ಹೋಗಿದೆ. ಕ್ಯಾಲ್ಕುಲೇಟರ್ ಸಿಗುವುದೂ ಅಲ್ಲಿ ಮಾತ್ರ, ಆದ್ದರಿಂದ ಕ್ವಾಂಟ್ ಅಭ್ಯಾಸಕ್ಕೆ ಅದನ್ನು ಮುಟ್ಟಬೇಡಿ.

ಅಧಿಕೃತ ಉಚಿತ ಮಾಕ್ ಎರಡೇ. ಒಂದನ್ನು ಈಗಲೇ ಬರೆಯಿರಿ, ಇನ್ನೊಂದನ್ನು ಪರೀಕ್ಷೆಗೆ ಎರಡು ವಾರ ಮುಂಚೆ. ಬರೆಯುವಾಗ ಮಧ್ಯೆ ಫೋನ್ ಮುಟ್ಟಬೇಡಿ.