ಆ್ಯಪ್‌ನಲ್ಲಿ ತೊಂಬತ್ತು, ಪರೀಕ್ಷೆಯಲ್ಲಿ ಮೂವತ್ತೆಂಟು: ಒಂದು ಆಪ್ತಸಲಹೆ ಪ್ರಕರಣ

“ನನಗೇನಾದ್ರೂ ಮರೆವಿನ ಕಾಯಿಲೆ ಇದ್ಯಾ ಮೇಡಂ?” ನಯನಾ ಬಂದು ಕೂತವಳೇ ಕೇಳಿದ ಪ್ರಶ್ನೆ ಇದು. (ಹೆಸರು ಮತ್ತು ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.)

ವಯಸ್ಸು ಇಪ್ಪತ್ತಮೂರು. ಊರು ಸಕಲೇಶಪುರದ ಕಡೆ. ತಂದೆ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡುವವರು. ಹಾಸನದಲ್ಲೇ ಬಿ.ಕಾಂ. ಮುಗಿಸಿ, ಪೇಯಿಂಗ್ ಗೆಸ್ಟ್ ಆಗಿದ್ದುಕೊಂಡು ಸಿ.ಎ. (ಚಾರ್ಟರ್ಡ್ ಅಕೌಂಟೆನ್ಸಿ) ಕೋರ್ಸಿನ ನಡುವಿನ ಹಂತವಾದ ಇಂಟರ್‌ಮೀಡಿಯೆಟ್‌ಗೆ ಓದುತ್ತಿದ್ದಳು. ಅದರ ಎರಡು ಗ್ರೂಪುಗಳಲ್ಲಿ ಮೂರು ಪೇಪರಿನ ಮೊದಲ ಗ್ರೂಪ್ ಬರೆದು ಫೇಲಾಗಿತ್ತು: ಅಡ್ವಾನ್ಸ್‌ಡ್ ಅಕೌಂಟಿಂಗ್ 38, ಕಾನೂನು 46, ಟ್ಯಾಕ್ಸ್ 49. ಪ್ರತಿ ಪೇಪರಿನಲ್ಲಿ 40 ಬರಬೇಕು, ಗ್ರೂಪಿನ ಒಟ್ಟು ಅಂಕ ಶೇಕಡಾ 50 ಮುಟ್ಟಬೇಕು. ಅಂದರೆ 300ಕ್ಕೆ 150. ಅವಳದ್ದು 133. ಅಕೌಂಟಿಂಗ್‌ನಲ್ಲಿ ಇನ್ನೆರಡು ಅಂಕ ಬಂದಿದ್ದರೂ ಪಾಸಾಗುತ್ತಿರಲಿಲ್ಲ. ಆದರೆ ಅವಳ ತಲೆಯಲ್ಲಿ ಕೂತಿದ್ದದ್ದು ಆ ಮೂವತ್ತೆಂಟು ಮಾತ್ರ. ಏಕೆಂದರೆ ಪರೀಕ್ಷೆಯ ಹಿಂದಿನ ವಾರದವರೆಗೂ ಮೊಬೈಲಿನ ಪ್ರಶ್ನೆ ಆ್ಯಪ್ ಅದೇ ವಿಷಯಕ್ಕೆ ತೊಂಬತ್ತರ ಮೇಲೆ ತೋರಿಸುತ್ತಿತ್ತು. ಮರೆವಿನ ಅನುಮಾನ ಹುಟ್ಟಿದ್ದು ಅಲ್ಲಿಂದ.

ನಿದ್ದೆ ಕೆಟ್ಟಿತ್ತು. ರಾತ್ರಿ ಊಟ ಬಿಡುತ್ತಿದ್ದಳು. ಬದುಕು ಬೇಡ ಅನ್ನಿಸುತ್ತದೆಯೇ ಎಂದು ಸುತ್ತುಬಳಸದೆ ಕೇಳಿದೆ. ಅಂಥ ಯೋಚನೆ ಬಂದಿಲ್ಲ ಎಂದಳು. ಬಂದರೆ ನನ್ನ ಮುಂದಿನ ಭೇಟಿಯ ತನಕ ಕಾಯದೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬೇಕೆಂದು, ಅಲ್ಲಿ ಕನ್ನಡದಲ್ಲೇ ಮಾತಾಡಬಹುದೆಂದು ಹೇಳಿ, ನಂಬರನ್ನು ಅವಳ ಮೊಬೈಲಿನಲ್ಲಿ ಸೇವ್ ಮಾಡಿಸಿದೆ. ಪರೀಕ್ಷೆಗೆ ಓದುವ ಮಕ್ಕಳೊಂದಿಗೆ ಮಾತಾಡುವಾಗ ಈ ಪ್ರಶ್ನೆಯನ್ನು ನಾನು ಯಾವತ್ತೂ ಬಿಡುವುದಿಲ್ಲ.

ಅವಳ ದಿನಚರಿ ಕೇಳಿದಾಗ ಒಂದು ಸಂಗತಿ ಹೊರಬಂತು. ರಾತ್ರಿ ಎಂಟರ ಮೇಲೆ ಅಪ್ಪನ ಫೋನ್ ಬರುತ್ತದೆ. ಮೊದಲ ಮಾತೇ “ಇವತ್ತೆಷ್ಟು ಬಂತು ಪುಟ್ಟಿ?” ಬೈಯುವ ಮನುಷ್ಯ ಅಲ್ಲ. “ಎಪ್ಪತ್ತು ಅಂದ್ರೆ ಅಪ್ಪ ಸ್ವಲ್ಪ ಹೊತ್ತು ಸುಮ್ಮನಾಗಿಬಿಡ್ತಾರೆ ಮೇಡಂ. ಅದನ್ನ ತಡ್ಕೊಳೋಕಾಗಲ್ಲ.” ಹಾಗಾಗಿ ಫೋನ್ ಬರುವುದರೊಳಗೆ ಎಪ್ಪತ್ತು ಬಂದ ಪ್ರಶ್ನೆಗಳ ಸೆಟ್ಟನ್ನೇ ಆ್ಯಪ್‌ನಲ್ಲಿ ಮತ್ತೆ ಮಾಡುತ್ತಿದ್ದಳು. ಎಂಬತ್ತೈದು ಬರುತ್ತಿತ್ತು. ಇನ್ನೊಮ್ಮೆ ಮಾಡಿದರೆ ತೊಂಬತ್ತಮೂರು. ಅಪ್ಪನಿಗೆ ಹೇಳುತ್ತಿದ್ದದ್ದು ಆ ತೊಂಬತ್ತಮೂರು. ಸುಳ್ಳೇನೂ ಅಲ್ಲ, ಪರದೆಯ ಮೇಲೆ ಅಷ್ಟೇ ಇತ್ತಲ್ಲ. ಕ್ರಮೇಣ ಅವಳೂ ಅದನ್ನೇ ನಂಬಿದಳು. ಅಂಕ ಇಳಿಸುವ ಅಧ್ಯಾಯಗಳನ್ನು ನಾಳೆಗೆ ತಳ್ಳಿ, ಏರಿಸುವ ಅಧ್ಯಾಯಗಳನ್ನೇ ಮತ್ತೆ ಮತ್ತೆ ಮಾಡತೊಡಗಿದಳು.

ನನ್ನೆದುರೇ ಒಂದು ಸೆಟ್ ಮಾಡು, ಪ್ರತಿ ಪ್ರಶ್ನೆಯನ್ನೂ ಗಟ್ಟಿಯಾಗಿ ಓದು ಎಂದೆ. ಜಿ.ಎಸ್.ಟಿ. ಅಧ್ಯಾಯ ತೆರೆದಳು. ಮೊದಲ ಸಾಲು ಮುಗಿಯುವ ಮೊದಲೇ ಬೆರಳು ‘ಸಿ’ ಮೇಲೆ ಹೋಗಿತ್ತು.

“ಪೂರ್ತಿ ಓದಿದ್ಯಾ?”

“ಬೇಕಿಲ್ಲ ಮೇಡಂ, ಇದು ಹಾರ್ಡ್‌ವೇರ್ ಅಂಗಡಿ ಪ್ರಶ್ನೆ. ಇದಕ್ಕೆ ‘ಸಿ’ನೇ.”

ಉತ್ತರ ಸರಿಯಿತ್ತು. ಆಯ್ಕೆಗಳನ್ನು ಕೈಯಿಂದ ಮುಚ್ಚಿ, ಏಕೆ ಸರಿ ಎಂದು ಕೇಳಿದೆ. ಅಂಗಡಿಯ ವರ್ಷದ ವಹಿವಾಟು 30 ಲಕ್ಷ, ಜಿ.ಎಸ್.ಟಿ. ನೋಂದಣಿ ಕಡ್ಡಾಯವಾಗುವುದು 40 ಲಕ್ಷದ ಮಿತಿ ದಾಟಿದರೆ, ಹಾಗಾಗಿ ನೋಂದಣಿ ಬೇಡ ಎಂದಳು. ಆಗ ಒಂದು ಮನೆಗೆಲಸ ಕೊಟ್ಟೆ: ಇದೇ ಪ್ರಶ್ನೆಯಲ್ಲಿ ಒಂದೇ ಒಂದು ಸಂಗತಿ ಬದಲಿಸು, ಉತ್ತರ ತಿರುಗಿ ಬೀಳಬೇಕು.

ಮುಂದಿನ ಭೇಟಿಗೆ ಬರೆದುಕೊಂಡು ಬಂದಿದ್ದಳು. ಅದೇ ಅಂಗಡಿ, ಆದರೆ ಮಾಲೀಕ ಮಹಡಿಯನ್ನು ಒಂದು ಆಫೀಸಿಗೆ ಬಾಡಿಗೆ ಕೊಟ್ಟಿದ್ದಾನೆ, ವರ್ಷಕ್ಕೆ 2 ಲಕ್ಷ. ಕರ್ನಾಟಕದಲ್ಲಿ 40 ಲಕ್ಷದ ಮಿತಿ ಸಿಗುವುದು ಬರೀ ಸರಕು ಮಾರುವವರಿಗೆ. ಆಫೀಸಿಗೆ ಕೊಟ್ಟ ಬಾಡಿಗೆ ತೆರಿಗೆ ಬೀಳುವ ಸೇವೆ, ಅದು ಸೇರಿದ ಕೂಡಲೇ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಒಟ್ಟು ವಹಿವಾಟು 32 ಲಕ್ಷ, ನೋಂದಣಿ ಕಡ್ಡಾಯ. ನನಗೆ ಇದನ್ನೆಲ್ಲ ಬಿಡಿಸಿ ಹೇಳಿಕೊಟ್ಟವಳು ಅವಳೇ. ಹೇಳುತ್ತಾ ಹೇಳುತ್ತಾ ಮುಖ ಅರಳಿತು. “ಈ ಪ್ರಶ್ನೆನ ಅದೆಷ್ಟೋ ಸಲ ಮಾಡಿದೀನಿ, ‘ಬರೀ ಸರಕು’ ಅನ್ನೋದನ್ನ ಗಮನಿಸೇ ಇರ್ಲಿಲ್ಲ” ಎಂದಳು. ಮರೆವಿನ ಕಾಯಿಲೆಯ ಮಾತು ಅವತ್ತಿಗೆ ನಿಂತಿತು. ಅವಳ ನೆನಪು ಚೆನ್ನಾಗಿಯೇ ಇತ್ತು, ನೆನಪಿಟ್ಟುಕೊಂಡದ್ದು ಮಾತ್ರ ಪ್ರಶ್ನೆಯ ಮುಖವನ್ನು.

ಹಾಗೆಂದು ಆ್ಯಪ್ ಬಿಟ್ಟುಬಿಡು ಎಂದು ನಾನು ಹೇಳಲಿಲ್ಲ. ಪ್ರಶ್ನೆ ಬಿಡಿಸುವುದು ಓದುವ ಬಹಳ ಒಳ್ಳೆಯ ದಾರಿ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಕಳೆದ ಮೇಲೆ ಮುಂದೆ ಬಂದವರು, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ತಮ್ಮನ್ನೇ ಪರೀಕ್ಷಿಸಿಕೊಂಡವರು. ನಯನಾಳಿಗೆ ಇದನ್ನು ಹೇಳಿದ್ದು ಅವಳ ಇಷ್ಟು ದಿನದ ಶ್ರಮ ಪೂರ್ತಿ ಹಾಳಾಗಿಲ್ಲ ಎಂದು ಗೊತ್ತಾಗಲಿ ಎಂದು. ನೆನಪಿನಿಂದ ತೆಗೆಯುವ ಕೆಲಸ ಇದ್ದರೆ ಮಾತ್ರ ಈ ಲಾಭ. ಅರ್ಧ ಗಂಟೆಯ ಹಿಂದೆ ನೋಡಿದ ಉತ್ತರವನ್ನು ಗುರುತಿಸುವುದರಲ್ಲಿ ಆ ಕೆಲಸ ಹೆಚ್ಚೇನೂ ಇಲ್ಲ.

ಅಂಕ ಬರೆದಿಡುವ ಕ್ರಮವನ್ನು ಇಬ್ಬರೂ ಕೂತು ಬದಲಿಸಿದೆವು. ಹಿಂದೆ ಕಾಣದ ಪ್ರಶ್ನೆಗೆ ಮೊದಲ ಸಲ ಬಂದ ಅಂಕವನ್ನಷ್ಟೇ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಎರಡನೇ ಸಲ ಮಾಡುವುದು ಕಲಿಯುವುದಕ್ಕೆ, ಅದರ ಅಂಕ ಬರೆಯುವ ಹಾಗಿಲ್ಲ. ಉತ್ತರ ಒತ್ತುವ ಮುಂಚೆ ಪಕ್ಕದ ಹಾಳೆಯಲ್ಲಿ ‘ಗೊತ್ತು’, ‘ಅನುಮಾನ’, ‘ಊಹೆ’ ಇವುಗಳಲ್ಲಿ ಒಂದನ್ನು ಗುರುತು ಹಾಕಬೇಕು. ಇಂಟರ್‌ಮೀಡಿಯೆಟ್‌ನ ಬಹು ಆಯ್ಕೆ ಪ್ರಶ್ನೆಗಳಿಗೆ ತಪ್ಪಿದರೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಪರೀಕ್ಷೆಯಲ್ಲಿ ಊಹಿಸುವುದು ಸರಿಯೇ. ಅಭ್ಯಾಸದಲ್ಲಿ ಊಹೆಯನ್ನು ಜ್ಞಾನದ ಲೆಕ್ಕಕ್ಕೆ ಸೇರಿಸಿಕೊಂಡರೆ ಮೋಸ ಹೋಗುವವರು ನಾವೇ. ಮೂವತ್ತು ಪ್ರಶ್ನೆಯಲ್ಲಿ ಹದಿನಾಲ್ಕು ಖಚಿತವಾಗಿ ಗೊತ್ತಿದ್ದು, ಉಳಿದ ಹದಿನಾರನ್ನು ಕಣ್ಣುಮುಚ್ಚಿ ಒತ್ತಿದರೂ ನಾಲ್ಕು ಆಯ್ಕೆಯಲ್ಲಿ ಒಂದರಂತೆ ಸುಮಾರು ನಾಲ್ಕು ಸರಿಯಾಗುತ್ತವೆ. ಹದಿನೆಂಟು ಸರಿ ಎಂದರೆ ಪರದೆ ಶೇಕಡಾ 60 ಎನ್ನುತ್ತದೆ, ಗೊತ್ತಿರುವುದು ಅರ್ಧಕ್ಕಿಂತ ಕಡಿಮೆ.

ಈ ಮೂರು ಗುರುತುಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ‘ಗೊತ್ತು’ ಎಂದು ಬರೆದೂ ತಪ್ಪಾದ ಪ್ರಶ್ನೆಗಳಿಗೆ. ಊಹೆ ತಪ್ಪಾದರೆ ಮತ್ತೆ ಓದುತ್ತೇವೆ. ಗೊತ್ತೆಂದುಕೊಂಡಿದ್ದನ್ನು ಯಾರೂ ತಿರುಗಿ ನೋಡುವುದಿಲ್ಲ, ಪರೀಕ್ಷೆಯಲ್ಲೂ ಅದೇ ತಪ್ಪನ್ನು ಧೈರ್ಯವಾಗಿ ಬರೆದು ಬರುತ್ತೇವೆ. ಇಂಥ ಪ್ರತಿ ಪ್ರಶ್ನೆಗೂ ಏಕೆ ತಪ್ಪಾಯಿತೆಂದು ಒಂದು ವಾಕ್ಯ ಬರೆಯಲು ಹೇಳಿದೆ. “ಕೇರ್‌ಲೆಸ್” ಎಂದು ಬರೆದರೆ ಒಪ್ಪುವುದಿಲ್ಲ ಎಂದೂ ಹೇಳಿದೆ.

ದಿನದಿನದ ಏರಿಳಿತಕ್ಕೂ ಅವಳು ತುಂಬ ನೋಯುತ್ತಿದ್ದಳು. ನಿಜವಾದ ಹಿಡಿತ ಶೇಕಡಾ 70 ಇರುವವರಿಗೆ ಮೂವತ್ತು ಪ್ರಶ್ನೆಯ ಸೆಟ್ಟಿನಲ್ಲಿ ಒಂದು ದಿನ ಹದಿನೆಂಟು, ಇನ್ನೊಂದು ದಿನ ಇಪ್ಪತ್ತನಾಲ್ಕು ಬರುವುದು ತೀರಾ ಸಾಮಾನ್ಯ. ಯಾವ ಪ್ರಶ್ನೆ ಬಂತು ಎನ್ನುವುದರ ಮೇಲೆ ಅಷ್ಟು ವ್ಯತ್ಯಾಸ ಆಗುತ್ತದೆ. ಅರವತ್ತಾದ ದಿನ ದಡ್ಡಿಯೂ ಅಲ್ಲ, ಎಂಬತ್ತಾದ ದಿನ ಗೆದ್ದಂತೆಯೂ ಅಲ್ಲ. ಹದಿನೈದು ದಿನಕ್ಕೊಮ್ಮೆ ಒಟ್ಟು ಹಾಕಿ ನೋಡು ಎಂದೆ.

ಇನ್ನೊಂದು ದೊಡ್ಡ ವಿಷಯ ಅವಳ ಲೆಕ್ಕಕ್ಕೇ ಬಂದಿರಲಿಲ್ಲ. ಪ್ರತಿ ಪೇಪರಿನ 100 ಅಂಕದಲ್ಲಿ ಬಹು ಆಯ್ಕೆ ಪ್ರಶ್ನೆಗಳದ್ದು 30 ಮಾತ್ರ, ಉಳಿದ 70 ಬರೆಯುವ ಉತ್ತರಗಳದ್ದು. ಪರೀಕ್ಷೆ ನಡೆಸುವ ಸಿ.ಎ. ಸಂಸ್ಥೆಗೆ ಶುಲ್ಕ ಕಟ್ಟಿ ತರಿಸಿಕೊಂಡಿದ್ದ ಅಕೌಂಟಿಂಗ್ ಉತ್ತರ ಪತ್ರಿಕೆಯ ಪ್ರತಿ ಅವಳ ಬ್ಯಾಗಿನಲ್ಲೇ ಇತ್ತು, ತೆರೆದು ನೋಡುವ ಧೈರ್ಯ ಬಂದಿರಲಿಲ್ಲ. ಇಬ್ಬರೂ ಸೇರಿ ನೋಡಿದೆವು. ಮೊದಲ ಉತ್ತರ ನಾಲ್ಕು ಪುಟ, ದುಂಡು ಅಕ್ಷರ, ಗೆರೆ ಹೊಡೆದ ಕೋಷ್ಟಕ. ನಡುವೆ ಎರಡು ಕಡೆ ವರ್ಕಿಂಗ್ ನೋಟ್ (ಲೆಕ್ಕ ಮಾಡಿದ ಹಂತಗಳು) ಇಲ್ಲದೆ ಬರೀ ಕೊನೆಯ ಮೊತ್ತ. ಕೊನೆಯ ಉತ್ತರ ಅರ್ಧ ಪುಟಕ್ಕೆ ನಿಂತುಹೋಗಿತ್ತು. ಮೂರು ಗಂಟೆ ಕೂತು ಒಂದು ಪೇಪರನ್ನು ಪೂರ್ತಿ ಬರೆಯುವ ಅಭ್ಯಾಸವನ್ನು ಅವಳು ಮಾಡಿಯೇ ಇರಲಿಲ್ಲ. ಮೊಬೈಲಿನಲ್ಲಿ ಹಸಿರು ಬಣ್ಣ ಕಾಣುತ್ತಿರುವಾಗ ಅದರ ಅಗತ್ಯ ಹೊಳೆಯುವುದೂ ಕಷ್ಟ.

ಇಂಟರ್‌ಮೀಡಿಯೆಟ್ ಪರೀಕ್ಷೆ ನಡೆಯುವುದು ಮಧ್ಯಾಹ್ನ 2ರಿಂದ 5. ಅದೇ ಹೊತ್ತಿಗೆ, ಊಟವಾಗಿ ಕಣ್ಣು ಎಳೆಯುವ ಸಮಯಕ್ಕೇ, ಪ್ರತಿ ಭಾನುವಾರ ಸಂಸ್ಥೆಯ ಒಂದು ಮಾದರಿ ಪತ್ರಿಕೆ ಬರೆಯುವುದೆಂದು ಗೊತ್ತು ಮಾಡಿದೆವು. ಮೊಬೈಲ್ ರೂಮ್‌ಮೇಟ್ ಹತ್ತಿರ. ಬರೆದದ್ದನ್ನು ಸಂಸ್ಥೆ ಪ್ರಕಟಿಸುವ ಮಾದರಿ ಉತ್ತರಗಳ ಜೊತೆ ಇಟ್ಟು, ಹಂತಹಂತಕ್ಕೆ ಕೈಬಿಗಿದು ಅಂಕ ಹಾಕಬೇಕು. ತಪ್ಪಿದ ವಿಷಯಕ್ಕೆ ಎರಡು ದಿನ, ಒಂದು ವಾರ, ಮೂರು ವಾರ ಬಿಟ್ಟು ಮರಳಬೇಕು. ರಾತ್ರಿ ಹತ್ತೂವರೆ ಮೇಲೆ ಆ್ಯಪ್ ಇಲ್ಲ, ಊಟ ಬಿಡುವ ಹಾಗಿಲ್ಲ.

ಮೊದಲ ಭಾನುವಾರ ಅಕೌಂಟಿಂಗ್‌ಗೆ ಬಂದದ್ದು 36. ಅವಳು ಅತ್ತಳು. “ತೊಂಬತ್ತಿದ್ದದ್ದು ಮೂವತ್ತಾರಾಯ್ತು ಅಂತ ಅಪ್ಪಂಗೆ ಹೇಗೆ ಹೇಳ್ಲಿ?”

ಅಪ್ಪನನ್ನೇ ಕರೆಸಿದೆ. ತೋಟಕ್ಕೆ ರಜೆ ಹಾಕಿ ಬೆಳಗಿನ ಬಸ್ಸಿಗೆ ಬಂದರು. ಆ್ಯಪ್‌ನ ಅಂಕ ಏನು, ಮಾದರಿ ಪತ್ರಿಕೆಯ ಅಂಕ ಏನು ಎಂದು ವಿವರಿಸಿದೆ. ಸ್ವಲ್ಪ ಯೋಚಿಸಿ, “ಅಂದ್ರೆ ಚೆಕ್‌ರೋಲಿನ ಹಾಜ್ರಿ ಬೇರೆ, ಸಂಜೆ ತಕ್ಕಡಿಗೆ ಬೀಳೋ ಹಣ್ಣಿನ ತೂಕ ಬೇರೆ ಅನ್ನಿ ಮೇಡಂ” ಎಂದರು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ದಿನಾ ಅಂಕ ಕೇಳುವುದನ್ನು ಬಿಡಬೇಕೆಂದು ಕೇಳಿಕೊಂಡೆ. ಭಾನುವಾರ ಮಾತ್ರ, ಅದೂ “ಈ ವಾರ ಯಾವುದು ತಪ್ಪಾಯ್ತು, ಈಗ ತಿಳೀತಾ?” ಎಂದು ಕೇಳಲಿ. ಅವರು ಮಗಳ ಕಡೆ ತಿರುಗಿ, “ನಾನು ಖುಷಿಗೆ ಕೇಳ್ತಿದ್ದೆ ಪುಟ್ಟಿ, ನಿನಗೆ ಹೆದ್ರಿಕೆ ಆಗ್ತದೆ ಅಂತ ಗೊತ್ತಿರ್ಲಿಲ್ಲ” ಎಂದರು. ಮಕ್ಕಳನ್ನು ಓದಲು ದೂರ ಕಳಿಸಿದ ತಂದೆತಾಯಿಗೆ ಫೋನಿನಲ್ಲಿ ಕೇಳಲು ಬೇರೆ ಮಾತೇ ಸಿಗದಿರುವುದನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಅದು ಕಾಳಜಿಯೇ. ಮಗುವಿನ ಕಿವಿಗೆ ಮಾತ್ರ ತನಿಖೆಯಂತೆ ಕೇಳುತ್ತದೆ.

ಆರು ವಾರದ ಮೇಲೆ ಅಕೌಂಟಿಂಗ್ 48, ಕಾನೂನು 55. ಎರಡೂ ಹಿಂದೆ ಕಾಣದ ಪತ್ರಿಕೆಗಳು. ಆ್ಯಪ್‌ನ ಮೊದಲ ಸಲದ ಅಂಕ ಈಗ ಅರವತ್ತೈದರ ಆಸುಪಾಸು. ಹಳೆಯ ತೊಂಬತ್ತಮೂರಕ್ಕಿಂತ ಈ ಅರವತ್ತೈದನ್ನು ನಾನು ಹೆಚ್ಚು ನಂಬುತ್ತೇನೆ. ನಿದ್ದೆ ಸುಧಾರಿಸಿದೆ, ರಾತ್ರಿ ಊಟ ಮಾಡುತ್ತಿದ್ದಾಳೆ.

ಎರಡು ಗ್ರೂಪ್ ಒಟ್ಟಿಗೆ ಬರೆಯುವ ಆಸೆ ಅವಳಿಗಿತ್ತು. ಪರೀಕ್ಷೆ ಈಗ ವರ್ಷಕ್ಕೆ ಮೂರು ಸಲ ನಡೆಯುವುದರಿಂದ ಎರಡನೆಯದನ್ನು ಮುಂದಕ್ಕೆ ಹಾಕಿದರೆ ಹೆಚ್ಚು ಕಳೆದುಕೊಳ್ಳುವುದಿಲ್ಲ ಎಂದೆ. ಈ ಸಲ ಮೊದಲ ಗ್ರೂಪ್ ಮಾತ್ರ ಎಂದು ಅವಳೇ ತೀರ್ಮಾನಿಸಿದ್ದಾಳೆ. ಮೂರು ಪೇಪರಿನಲ್ಲೂ ಸಾಲಾಗಿ ಎರಡು ಹೊಸ ಪತ್ರಿಕೆಗೆ 50 ದಾಟಬೇಕು ಎನ್ನುವುದು ನಾವು ಇಟ್ಟುಕೊಂಡ ಗುರಿ. 40ಕ್ಕೆ ಗುರಿ ಇಟ್ಟರೆ ಪರೀಕ್ಷಾ ಕೋಣೆಯ ಗಾಬರಿಗೆ ಜಾಗ ಉಳಿಯುವುದಿಲ್ಲ. ಟ್ಯಾಕ್ಸ್ ಇನ್ನೂ 44ರಲ್ಲೇ ನಿಂತಿದೆ. ಆದಾಯ ತೆರಿಗೆಯ ಭಾಗಕ್ಕೆ ಸಮಯ ಸಾಲುತ್ತಿಲ್ಲ. ಆ ಉತ್ತರಗಳ ಹಾಳೆಗಳನ್ನು ಮುಂದಿನ ಭೇಟಿಗೆ ತರಲು ಹೇಳಿದ್ದೇನೆ.